ಹುಚ್ಚೆಳ್ಳೆಣ್ಣೆ ಕುಡಿದರೆ ಸಕ್ಕರೆ ಕಾಯಿಲೆ, ಮಂಡಿನೋವು ಹೋಗುತ್ತಾ?

ನಿಮ್ಮ ತಾಯಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ದೊಡ್ಡ ಚಮಚ ಹುಚ್ಚೆಳ್ಳೆಣ್ಣೆ ಕುಡಿಯುತ್ತಿದ್ದಾರೆ, ಅದರಿಂದ ಸಕ್ಕರೆ ಕಾಯಿಲೆ, ಮಂಡಿನೋವು ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಎಲ್ಲಾ ಅಡುಗೆಗೂ ಅದನ್ನೇ ಬಳಸಬಹುದಾ ಅಂತಲೂ ಕೇಳಿದ್ದೀರಿ.

ವಾಸಿಯಾಗಲ್ಲ. ನಾನು ಡಾಕ್ಟರ್ ಅಲ್ಲ, ಅರಸೀಕೆರೆ ಕಡೆಯವನು, ಈ ಎಣ್ಣೆಯ ಒಗ್ಗರಣೆ ತಿಂದೇ ಬೆಳೆದವನು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿನೇ. ಆದರೂ ಔಷಧಿ ಅಂತ ಕುಡಿಯುವುದು ಬೇಡ. ಇದನ್ನು ನಂಬಿ ಅಮ್ಮ ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ಎಣ್ಣೆ ಯಾವುದಾದರೂ ಗ್ರಾಂಗೆ 9 ಕ್ಯಾಲೊರಿ. ಎರಡು ದೊಡ್ಡ ಚಮಚ ಅಂದರೆ ಸುಮಾರು 240. ಊಟದಲ್ಲಿ ಏನೂ ಕಡಿಮೆ ಮಾಡದೆ ಇಷ್ಟು ಸೇರಿಸಿದರೆ ತೂಕ ಏರುತ್ತೆ, ಮಂಡಿಗೆ ಇನ್ನೂ ಕಷ್ಟ.

ಹಾಗಂತ ಒಳ್ಳೆಯದೇನೂ ಇಲ್ಲ ಅಂತಲ್ಲ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲಿಕ್ ಆಮ್ಲ ಅನ್ನುವ ಒಂದು ಬಗೆಯ ಕೊಬ್ಬು. ನಮ್ಮ ದೇಹ ಇದನ್ನು ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ತುಪ್ಪ, ಡಾಲ್ಡಾ, ಪಾಮೆಣ್ಣೆ ಕಡಿಮೆ ಮಾಡಿ ಆ ಜಾಗದಲ್ಲಿ ಇಂಥ ಎಣ್ಣೆ ಬಳಸಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತೆ. ಒಮೆಗಾ-3 ಅನ್ನುವ ಇನ್ನೊಂದು ಬಗೆಯ ಕೊಬ್ಬು ಬೇಕು ಅಂತಿದ್ದರೆ ಮಾತ್ರ ಇದರಲ್ಲಿ ಹುಡುಕಬೇಡಿ, ಅದಕ್ಕೆ ಅಗಸೆ ಇದೆ.

ಇನ್ನು ಕಬ್ಬಿಣ, ಕ್ಯಾಲ್ಸಿಯಂ. ಅವು ಇರುವುದು ಕಾಳಲ್ಲಿ. ಗಾಣಕ್ಕೆ ಹಾಕಿದಾಗ ಎಣ್ಣೆ ಜೊತೆ ಬರಲ್ಲ, ಹಿಂಡಿಯಲ್ಲೇ ಉಳಿಯುತ್ತವೆ. ನಮ್ಮನೆಯಲ್ಲಿ ಹಿಂಡಿ ಹಸುವಿಗೆ ಹೋಗುತ್ತೆ, ಲಾಭ ಅದಕ್ಕೇ! ನಮಗೂ ಸಿಗಬೇಕಾದರೆ ಚಟ್ನಿಪುಡಿ ಮಾಡಬೇಕು. ಒಣ ಬಾಣಲೆಯಲ್ಲಿ ಸಣ್ಣ ಉರಿ. ಕಾಳು ಚಟಪಟ ಅನ್ನುವಾಗಲೇ ಇಳಿಸಿ, ಒಂದು ನಿಮಿಷ ತಡವಾದರೂ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು, ಚೂರು ಬೆಲ್ಲ ಹಾಕಿ ಪುಡಿ ಮಾಡಿದರೆ ಅಕ್ಕಿರೊಟ್ಟಿಗೆ ಬೇರೆ ಏನೂ ಬೇಡ.

ಅಂದಹಾಗೆ ಹೆಸರಲ್ಲಿ ಎಳ್ಳು ಇದ್ದರೂ ಇದು ಎಳ್ಳಿನ ಜಾತಿಯಲ್ಲ, ಸೂರ್ಯಕಾಂತಿಯ ಕುಟುಂಬ. ಮೂಲ ಇಥಿಯೋಪಿಯಾ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿ ನಡುವೆ ಬಿಡುವ ಬೇರೆ ಬೆಳೆಯ ಸಾಲಿಗೆ ಹಾಕುತ್ತಾರೆ. ಹೂವು ಬಿಟ್ಟಾಗ ಹಳದಿ ಸಾಲಿನ ತುಂಬಾ ಜೇನ್ನೊಣ.

ಎಲ್ಲಾ ಅಡುಗೆಗೆ? ಒಗ್ಗರಣೆ, ಪಲ್ಯಕ್ಕೆ ಆಗಬಹುದು. ಬೋಂಡಾ ಕರಿಯಲು, ಕರಿದದ್ದನ್ನೇ ಮತ್ತೆ ಕಾಯಿಸಲು ಬೇಡ. ಈ ಎಣ್ಣೆ ಗಾಳಿ, ಬಿಸಿಗೆ ಬೇಗ ಕೆಡುತ್ತೆ. ಅದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ಸಲ ಅಗ್ಗಕ್ಕೆ ಸಿಕ್ಕಿತು ಅಂತ 5 ಲೀಟರ್ ಗಾಣದ ಎಣ್ಣೆ ತಂದು ಒಲೆ ಪಕ್ಕ ಇಟ್ಟೆ. ಎರಡು ತಿಂಗಳಲ್ಲಿ ಕ್ಯಾನಿನ ಬಾಯಿ ಸುತ್ತ ಹಳದಿ ಗೋಂದು ಕಟ್ಟಿಕೊಂಡಿತ್ತು, ಮುಚ್ಚಳ ತಿರುಗಲಿಲ್ಲ. ಗಾಳಿಗೆ ಒಣಗಿ ಅಂಟಾಗುವ ಈ ಗುಣಕ್ಕೇ ಇದನ್ನು ಬಣ್ಣ ತಯಾರಿಸಲೂ ಬಳಸುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಚಾಕುವಿನಿಂದ ಕೆರೆದು ತೆಗೆದರೆ ಹಳೇ ಪೇಂಟ್ ಡಬ್ಬದ ವಾಸನೆ. ಉಳಿದ ಮೂರು ಲೀಟರ್ ಬಾಗಿಲ ಕೀಲಿಗೂ ಬರಲಿಲ್ಲ.

ಅದಕ್ಕೇ ಅರ್ಧ ಲೀಟರಿಗಿಂತ ಜಾಸ್ತಿ ತರಬೇಡಿ. ಗಾಜಿನ ಬಾಟಲಿ, ಕತ್ತಲ ಜಾಗ, ಒಂದು ತಿಂಗಳಲ್ಲಿ ಖಾಲಿ. ಒಂದು ಹನಿ ನಾಲಿಗೆಗೆ ಹಾಕಿ ನೋಡಿ. ಬಾದಾಮಿಯಂಥ ರುಚಿ ಇದ್ದರೆ ಸರಿ, ಗಂಟಲು ಕೆರೆದರೆ ಚೆಲ್ಲಿ. ಅಮ್ಮನಿಗೆ ಬಿಡಿ ಅಂದರೆ ಬೇಜಾರಾಗುತ್ತೆ ಅಲ್ವಾ? ಬೆಳಿಗ್ಗೆ ಕುಡಿಯುವ ಬದಲು ಮಧ್ಯಾಹ್ನದ ಸೊಪ್ಪಿನ ಪಲ್ಯಕ್ಕೆ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿಕೊಡಿ. ಒಂದು ಸಣ್ಣ ಚಮಚ ಸಾಕು.