ಮನೆಮಂದಿಗೆಲ್ಲ ಒಂದೇ ಪೇಸ್ಟ್, ಕೂಸಿಗೂ ನಡೆಯುತ್ತಾ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಯಜಮಾನರು ಆಟೊ ಓಡಿಸುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅತ್ತೆ, ನಾವಿಬ್ಬರು, ಮೂರು ವರ್ಷದ ಮಗ, ಎಲ್ಲರಿಗೂ ಒಂದೇ ಪೇಸ್ಟ್. ಹುಬ್ಬಳ್ಳಿಯಲ್ಲಿರುವ ಅಕ್ಕ ತನ್ನ ಮಗಳಿಗೆ ಸ್ಟ್ರಾಬೆರಿ ಪೇಸ್ಟ್ ಬೇರೆ ತರುತ್ತಾಳೆ. ‘ದೊಡ್ಡವರ ಪೇಸ್ಟ್‌ನಾಗ ಫ್ಲೋರೈಡ್ ಜಾಸ್ತಿ, ಕೂಸಿನ ಹಲ್ಲು ಕೆಡ್ತಾವ’ ಅಂತಾಳೆ. ಆ ಸಣ್ಣ ಟ್ಯೂಬಿನ ರೊಕ್ಕದಲ್ಲಿ ನಮ್ಮೆಲ್ಲರ ಪೇಸ್ಟ್ ಬರುತ್ತದೆ. ಮಗ ಉಗುಳುವುದಿಲ್ಲ, ನುಂಗುತ್ತಾನೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನಿಮ್ಮ ಪೇಸ್ಟನ್ನೇ ಇಟ್ಟುಕೊಳ್ಳಿ. ಹಾಕುವ ಅಳತೆ ಮಾತ್ರ ಬದಲಿಸಿ.

ನನ್ನ ಹತ್ತಿರ ಬರುವ ತಾಯಂದಿರ ಕೈಗೆ ಬ್ರಷ್ ಕೊಟ್ಟು, ದಿನಾ ಹಾಕೋ ಹಾಗೆ ಹಾಕಿ ತೋರಿಸಿ ಅಂತೀನಿ. ಬಡವರಿರಲಿ, ಕಾರಿನಲ್ಲಿ ಬಂದವರಿರಲಿ, ಈ ತುದಿಯಿಂದ ಆ ತುದಿಗೆ ಎಳೆದು ಕೊನೆಗೊಂದು ಸುರುಳಿ, ಥೇಟ್ ಜಾಹೀರಾತಿನಲ್ಲಿ ತೋರಿಸುವ ಹಾಗೆ! ಅಷ್ಟು ಪೇಸ್ಟ್ ಸುಮಾರು 1 ಗ್ರಾಂ ತೂಗುತ್ತದೆ.

ಈಗ ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಪೇಸ್ಟ್‌ನ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ, ಅಂದರೆ 1 ಗ್ರಾಂ ಪೇಸ್ಟ್‌ನಲ್ಲಿ 1 ಮಿಲಿಗ್ರಾಂ. ಮಕ್ಕಳ ಪೇಸ್ಟ್ ಅನೇಕವು 500ರ ಆಸುಪಾಸಿನವು. ನಿಮ್ಮ ಟ್ಯೂಬಿನಿಂದ ಅಕ್ಕಿ ಕಾಳಿನಷ್ಟು ಹಾಕಿದರೆ ಮಗ ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ ಆಸುಪಾಸು. ನಿಮ್ಮಕ್ಕ ಸ್ಟ್ರಾಬೆರಿ ಪೇಸ್ಟನ್ನು ಬ್ರಷ್ ತುಂಬ ಹಾಕಿದರೆ 0.5. ದುಬಾರಿ ಟ್ಯೂಬಿನಲ್ಲೇ ಐದು ಪಟ್ಟು! ಅದೂ ಸಿಹಿ ಬೇರೆ, ಮಕ್ಕಳು ಚಪ್ಪರಿಸಿ ನುಂಗುತ್ತಾರೆ. ಹುಳುಕು ತಡೆಯುವ ವಿಷಯದಲ್ಲಿ ನಂಬಿಕೆ ಇಡಬಹುದಾದದ್ದೂ 1000ದ ಪೇಸ್ಟೇ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ಕೆಲವು ಗಿಡಮೂಲಿಕೆ ಪೇಸ್ಟ್‌ಗಳಲ್ಲಿ ಫ್ಲೋರೈಡೇ ಇರುವುದಿಲ್ಲ.

ಮೂರು ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಅಂತ ಹೇಳುವುದುಂಟು. ನಿಮ್ಮವನು ಉಗುಳುವುದು ಕಲಿಯುವವರೆಗೆ ಅಕ್ಕಿ ಕಾಳೇ ಸಾಕು. ಪೇಸ್ಟ್ ನೀವೇ ಹಾಕಿ, ನೀವೇ ಉಜ್ಜಿ, ಬೆಳಗ್ಗೆ ಮತ್ತು ರಾತ್ರಿ.

ಆದರೆ ನಾನು ನಿಮಗೆ ಕೇಳಬೇಕಾದ ಪ್ರಶ್ನೆ ಬೇರೆ. ಕುಡಿಯಲು ಯಾವ ನೀರು? ನಿಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಬೋರ್ ನೀರಿನಲ್ಲಿ 2 ಇದ್ದು ಕೂಸು ಒಂದು ಲೀಟರ್ ಕುಡಿದರೆ, ಅದು ಅಕ್ಕಿ ಕಾಳಿನಷ್ಟು ಪೇಸ್ಟನ್ನು ಇಪ್ಪತ್ತು ಸಲ ನುಂಗಿದ್ದಕ್ಕೆ ಸಮ. ದಿನಾ! ಒಸಡಿನೊಳಗೆ ಮುಂದಿನ ಕಾಯಂ ಹಲ್ಲುಗಳು ತಯಾರಾಗುವುದು ಈ ವಯಸ್ಸಿನಲ್ಲೇ. ಆಗ ಫ್ಲೋರೈಡ್ ಹೆಚ್ಚಾದರೆ ಹಲ್ಲು ಬರುವಾಗಲೇ ಬಿಳಿ ಮಚ್ಚೆ, ಜಾಸ್ತಿಯಾದರೆ ಕಂದು ಗೆರೆ. ತಿಕ್ಕಿದರೆ ಹೋಗುವ ಕಲೆ ಅಲ್ಲ ಅದು.

ತುಂಗಭದ್ರೆಯ ನಲ್ಲಿ ನೀರಾದರೆ ಈ ಚಿಂತೆ ಕಡಿಮೆ. ಆದರೆ ನಲ್ಲಿ ಬರದ ದಿನಗಳಲ್ಲಿ ಬೋರ್ ನೀರನ್ನೇ ಕೊಡ ತುಂಬಿಡುತ್ತೀರಿ ಅಲ್ವಾ? ಅದನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ಘಟಕದ ನೀರನ್ನು ಕೂಸಿನ ಕುಡಿಯುವುದಕ್ಕೆ, ಅನ್ನ-ಬೇಳೆಗೆ ಮೀಸಲಿಡಿ. ಮಕ್ಕಳ ಪೇಸ್ಟಿನ ರೊಕ್ಕ ಅಲ್ಲಿ ಹಾಕಿ. ಹಾಂ, ಕೂಸಿಗೆ ಚಹಾದಲ್ಲಿ ಟೋಸ್ಟ್ ಅದ್ದಿ ತಿನ್ನಿಸುತ್ತಿದ್ದರೆ ಬಿಡಿಸಿ, ಚಹಾಪುಡಿಯಲ್ಲೂ ಫ್ಲೋರೈಡ್ ಇದೆ.

ಟ್ಯೂಬ್ ಮಾತ್ರ ಮಗನ ಕೈಗೆ ಸಿಗದ ಹಾಗೆ ಮೇಲಿಡಿ. ಯಾವತ್ತಾದರೂ ಹಿಂಡಿಕೊಂಡು ತಿಂದೇಬಿಟ್ಟ ಅಂದರೆ ತಕ್ಷಣ ಒಂದು ಲೋಟ ಹಾಲು ಕುಡಿಸಿ, ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ನಡೆಯಿರಿ.