ಅಡಿಕೆ ರೇಟಿನಿಂದಲೇ ಶುರು ಮಾಡಿ

ಬಿಎ ಮಕ್ಕಳು ಬೇಡಿಕೆ-ಪೂರೈಕೆಯ ನಿಯಮವನ್ನು ಗಿಳಿಪಾಠ ಒಪ್ಪಿಸುತ್ತಾರೆ, ಯೋಚಿಸುವುದಿಲ್ಲ ಅಂದಿರಲ್ಲ ಮೇಡಂ, ಶಿವಮೊಗ್ಗದಲ್ಲಿ ನನ್ನದೂ ಅದೇ ಪಾಡು. ಪುಸ್ತಕ ಬದಿಗಿಟ್ಟು ಅಡಿಕೆ ಹಿಡಿದುಕೊಳ್ಳಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿತು, ಅಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರದೇಶದಿಂದ ತರಿಸುವ ಹಾಗಿಲ್ಲ. ಇದರಿಂದ ನಮ್ಮ ಅಡಿಕೆಗೆ ರೇಟು ಬರುತ್ತದಾ ಅಂತ ಕೇಳಿ. ಎಲ್ಲರೂ ಹೌದು ಅನ್ನುತ್ತಾರೆ. ಅಲ್ಲಿಗೆ ಸುಮ್ನೆ ಬಿಡಬೇಡಿ. ರೇಟು ಏರಿದರೂ ಅದು ಈ ಆದೇಶದಿಂದಲೇ ಅಂತ ಹೇಗೆ ಗೊತ್ತು? ಆ ವರ್ಷ ಕೊಳೆರೋಗ ಜಾಸ್ತಿಯಾಗಿ ಫಸಲೇ ಕಡಿಮೆ ಬಂದಿದ್ದರೆ? ಕಳ್ಳದಾರಿಯಲ್ಲಿ ಮಾಲು ಬರುತ್ತಿದ್ದರೆ? ಏನು ಕಂಡರೆ ನಿನ್ನ ಅಭಿಪ್ರಾಯ ಬದಲಾಗುತ್ತದೆ ಅನ್ನುವುದನ್ನೂ ಬರೆಸಿ, ಮಾರ್ಕ್ಸು ಅದಕ್ಕೇ ಕೊಡಿ. ಎಪಿಎಂಸಿ ದರಪಟ್ಟಿ ತರಿಸಿ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ತರವನ್ನೂ ಬೇರೆ ಬೇರೆಯಾಗಿ ನೋಡಲಿ. ತೋಟದ ಮನೆ ಮಕ್ಕಳು ಅಪ್ಪನ ಮಾತನ್ನೇ ಸಾಕ್ಷಿ ಅಂತ ತರುತ್ತಾರೆ. ನನ್ನ ಕ್ಲಾಸಲ್ಲಿ ಮೊದಲ ವಾರ ಬರೀ ಜಗಳ!