ಓದುಗರ ಪ್ರಶ್ನೆ: ‘ಎನ್ನಲಾಗಿದೆ’ ಎಂದು ಹೇಳಿದವರು ಯಾರು?

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕ. ಪತ್ರಿಕೆಯ ಜಿಲ್ಲಾ ಪುಟವನ್ನು ದಿನವೂ ಕೆಂಪು ಪೆನ್ನು ಹಿಡಿದೇ ಓದುತ್ತೇನೆ. ಮಳೆಹಾನಿಯ ಒಂದು ವರದಿಯನ್ನು ಕತ್ತರಿಸಿ ಇದರೊಡನೆ ಕಳುಹಿಸಿದ್ದೇನೆ. ವಿಷಯ ತಿಳಿದರೆ ಸಾಲದೇ, ತಪ್ಪು ಹುಡುಕುತ್ತ ಯಾಕೆ ಕೂರುತ್ತೀರಿ ಎಂದು ಮನೆಯವರು ಕೇಳುತ್ತಾರೆ. ಸುದ್ದಿಯಲ್ಲಿ ಭಾಷೆಯ ತಪ್ಪು ಹಿಡಿಯುವುದು ಸಣ್ಣತನವೇ?

ಉತ್ತರ: ಖಂಡಿತ ಅಲ್ಲ. ನೀವು ಕಳುಹಿಸಿದ ತುಣುಕನ್ನೇ ಎದುರಿಗಿಟ್ಟುಕೊಂಡು ನೋಡೋಣ. ಅದರಲ್ಲಿರುವುದು ಎರಡೇ ವಾಕ್ಯ: “ತಾಲ್ಲೂಕಿನಾದ್ಯಂತ ದಾರಾಕಾರ ಮಳೆಯಾಗಿದ್ದು, ಹಲವು ಮನೆಗಳು ಕುಸಿದಿದ್ದು, ಜನಜೀವನ ಅಸ್ತವ್ಯಸ್ತಗೊಂಡಿದ್ದು, ಲಕ್ಷಾಂತರ ರೂಪಾಯಿ ನಷ್ಟ ಸಂಭವಿಸಿದೆ ಎನ್ನಲಾಗಿದೆ. ಅಧಿಕಾರಿಗಳ ನಿರ್ಲಕ್ಷ್ಯವೇ ಇದಕ್ಕೆ ಕಾರಣ ಎಂದು ಸಾರ್ವಜನಿಕರು ಆಕ್ರೋಶ ವ್ಯಕ್ತಪಡಿಸಿದ್ದಾರೆ.”

‘ಧಾರಾಕಾರ’ದ ಮಹಾಪ್ರಾಣ ಬಿಟ್ಟುಹೋಗಿರುವುದಕ್ಕೆ ನೀವು ಎರಡು ಗೆರೆ ಎಳೆದಿದ್ದೀರಿ. ಅದು ಕರಡು ತಿದ್ದುವವರ ಕಣ್ತಪ್ಪು. ಅದರಿಂದ ಓದುಗನಿಗೆ ಆದ ನಷ್ಟ ಕಡಿಮೆ. ನನ್ನನ್ನು ಹೆಚ್ಚು ಕಾಡುವುದು ನೀವು ಒಂದೇ ಗೆರೆ ಎಳೆದು ಬಿಟ್ಟಿರುವ ಮೂರು ‘ದ್ದು’ಗಳು. ಮಳೆ ಸುರಿದು ಗೋಡೆ ಕುಸಿಯಿತು, ಸುರಿದದ್ದರಿಂದ ಕುಸಿಯಿತು, ಸುರಿದು ನಿಂತ ಮೇಲೆ ಕುಸಿಯಿತು, ಅಷ್ಟು ಸುರಿದರೂ ಕುಸಿಯಲಿಲ್ಲ ಎಂದು ಒಂದು ಘಟನೆಯನ್ನು ಇನ್ನೊಂದಕ್ಕೆ ಸೇರಿಸಲು ಕನ್ನಡದಲ್ಲಿ ಹತ್ತು ಬಗೆಗಳಿವೆ. ಇವುಗಳಲ್ಲಿ ಯಾವುದನ್ನು ಬಳಸಬೇಕಾದರೂ ಯಾವುದು ಮೊದಲು, ಯಾವುದು ಆಮೇಲೆ, ಯಾವುದರಿಂದ ಯಾವುದು ಎಂಬುದು ಬರೆಯುವವನಿಗೆ ಗೊತ್ತಿರಲೇಬೇಕು. ‘ಆಗಿದ್ದು’ ಎಂಬುದಕ್ಕೆ ಮಾತ್ರ ಅಂಥ ಯಾವ ತಿಳಿವಳಿಕೆಯೂ ಬೇಕಿಲ್ಲ. ಗೊತ್ತಿಲ್ಲದ ಸಂಬಂಧವನ್ನು ಗೊತ್ತಿರುವಂತೆ ತೋರಿಸಿ ಅದು ಮುಂದಕ್ಕೆ ಸಾಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ‘ಎನ್ನಲಾಗಿದೆ’ಯದು. ‘ತಿಳಿದುಬಂದಿದೆ’, ‘ಆರೋಪ ಕೇಳಿಬಂದಿದೆ’, ‘ಮೂಲಗಳು ತಿಳಿಸಿವೆ’ ಎಂಬುವು ಅದರದೇ ಬಳಗ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಮಾತನಾಡುವ ಯಾವ ಕನ್ನಡಿಗನೂ ಹೀಗೆ ಹೇಳುವುದಿಲ್ಲ. ಅಲ್ಲಿ ‘ಅಂತೆ’ ಎಂದರೆ ಸಾಕು, ಯಾರು ಹೇಳಿದರು ಎಂದು ಕೇಳುವವನು ಕೂಡಲೇ ಕೇಳುತ್ತಾನೆ. ಆ ಪ್ರಶ್ನೆಗೆ ಪತ್ರಿಕೆಯ ಪುಟದಲ್ಲಿ ಅವಕಾಶವಿಲ್ಲವಾದ್ದರಿಂದಲೇ ಉತ್ತರವನ್ನು ಮೊದಲೇ ವಾಕ್ಯದೊಳಗೆ ಇಡಬೇಕಾದುದು ವರದಿಗಾರನ ಕೆಲಸ. ಲಕ್ಷಾಂತರ ರೂಪಾಯಿ ಎಂದವರು ತಹಶೀಲ್ದಾರರೇ, ಮನೆ ಕಳೆದುಕೊಂಡವರೇ ಅಥವಾ ಪಕ್ಕದಲ್ಲಿ ನಿಂತಿದ್ದ ಪಕ್ಷದ ಮುಖಂಡರೇ? ಮೂವರ ಮಾತಿಗೂ ಮೂರು ಬೇರೆ ತೂಕವಿದೆ.

ಈ ವರದಿಗೆ ಬೇಕಿದ್ದ ವಿವರಗಳು ದುರ್ಲಭವಾಗಿರಲಿಲ್ಲ ಎಂಬುದೇ ಬೇಸರದ ಸಂಗತಿ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳಿವೆ. ಎಲ್ಲಿ ಎಷ್ಟು ಮಿಲಿಮೀಟರ್ ಬಿದ್ದಿತು ಎಂಬ ಲೆಕ್ಕವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಡುತ್ತದೆ. ಪರಿಹಾರ ಕೊಡಲು ಯಾವ ಮನೆ ಪೂರ್ಣ ಕುಸಿದಿದೆ, ಯಾವುದು ಭಾಗಶಃ ಎಂಬ ಪಟ್ಟಿ ಕಂದಾಯ ಇಲಾಖೆಯಲ್ಲಿ ತಯಾರಾಗಲೇಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಒಂದು ದೂರವಾಣಿ ಕರೆ ಮಾಡಿದ್ದರೆ ‘ಹಲವು’ ಎಂಬಲ್ಲಿ ಒಂದು ಅಂಕಿ ಬರುತ್ತಿತ್ತು. ಶುಕ್ರವಾರ ರಾತ್ರಿಯ ಮಳೆಗೆ ನೆನೆದ ಮಣ್ಣಿನ ಗೋಡೆಗಳು ಕುಸಿದು ಇಂಥ ಊರಿನ ಇಷ್ಟು ಮನೆಗಳು ವಾಸಕ್ಕೆ ಬಾರದಂತಾಗಿವೆ ಎಂದು ತಹಶೀಲ್ದಾರರು ತಿಳಿಸಿದರು ಎಂದು ಬರೆಯಲು ಸಾಹಿತ್ಯದ ಪಾಂಡಿತ್ಯ ಬೇಕಿಲ್ಲ, ಹೋಗಿ ಕೇಳಿರಬೇಕು ಅಷ್ಟೆ. ಹಾಗೆ ಕೇಳಿ ಬಂದವನ ಕನ್ನಡ ತಾನಾಗಿಯೇ ನೆಟ್ಟಗಾಗುತ್ತದೆ. ಕೇಳದೆ ಬರೆಯುವವನಿಗೇ ‘ಎನ್ನಲಾಗಿದೆ’ ಬೇಕಾಗುವುದು. ಆದ್ದರಿಂದ ನಿಮ್ಮ ಕೆಂಪು ಗೆರೆ ಬಿದ್ದಿರುವುದು ವ್ಯಾಕರಣದ ಮೇಲಲ್ಲ, ಮಾಡದೆ ಉಳಿದ ಕೆಲಸದ ಮೇಲೆ.

ಎರಡನೆಯ ವಾಕ್ಯದ ‘ಸಾರ್ವಜನಿಕರು’ ಯಾರು ಎಂಬ ಪ್ರಶ್ನೆಯೂ ಇದೇ. ಮೋರಿ ಕಟ್ಟಿಕೊಂಡಿದೆ ಎಂದು ಅರ್ಜಿ ಕೊಟ್ಟಿದ್ದ ಒಬ್ಬ ಮನೆಯೊಡತಿಯ ಮಾತು, ಅರ್ಜಿಯ ದಿನಾಂಕ, ಅದಕ್ಕೆ ಪಂಚಾಯಿತಿಯವರ ಉತ್ತರ ಈ ಮೂರು ಇದ್ದಿದ್ದರೆ ‘ಆಕ್ರೋಶ’ ಎಂಬ ಪದ ಬೇಕಾಗುತ್ತಲೇ ಇರಲಿಲ್ಲ. ಅಧಿಕಾರಿಗಳ ನಿರ್ಲಕ್ಷ್ಯ ಎಂದು ಬರೆದ ಮೇಲೆ ಆ ಅಧಿಕಾರಿಗಳನ್ನು ಕೇಳದೆ ಬಿಟ್ಟಿರುವುದಂತೂ ಸರಿಯಲ್ಲ.

ಇಷ್ಟು ಹೇಳಿದ ಮೇಲೆ ವರದಿಗಾರರ ಸ್ಥಿತಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಾಲ್ಲೂಕು, ಹೋಬಳಿಗಳಿಂದ ಸುದ್ದಿ ಕಳುಹಿಸುವವರಲ್ಲಿ ಅನೇಕರು ಅರೆಕಾಲಿಕರು. ಸಿಗುವ ಗೌರವಧನ ಅಲ್ಪ. ಎಷ್ಟೋ ಕಡೆ ಜಾಹೀರಾತು ತರುವ, ಪ್ರಸಾರ ನೋಡಿಕೊಳ್ಳುವ ಹೊಣೆಯೂ ಅವರದೇ. ಬೆಳಿಗ್ಗೆ ಯಾರ ಬಳಿ ಜಾಹೀರಾತು ಕೇಳಬೇಕೋ ಮಧ್ಯಾಹ್ನ ಅವರ ಮೇಲೆಯೇ ವರದಿ ಬರೆಯಬೇಕಾದವನಿಗೆ ಕರ್ತೃವಿಲ್ಲದ ವಾಕ್ಯ ಒಂದು ಆಸರೆ. ದೂರುವುದಾದರೆ ಅವನನ್ನಷ್ಟೇ ದೂರಬೇಡಿ, ಆ ವಾಕ್ಯವನ್ನು ಪ್ರಶ್ನಿಸದೆ ಪುಟಕ್ಕೆ ಬಿಟ್ಟ, ಕಚೇರಿಯಲ್ಲಿ ಕುಳಿತು ಸುದ್ದಿ ತಿದ್ದುವ ಡೆಸ್ಕನ್ನೂ ಕೇಳಿ. ನಾನೂ ಡೆಸ್ಕಿನಲ್ಲಿದ್ದವನು. ಒಂದು ರಾತ್ರಿ ‘ಕಳ್ಳತನ: ಆರೋಪಿ ಬಂಧನ’ ಎಂಬ ತಲೆಬರಹ ಒಂಟಿ ಕಾಲಮ್ಮಿನಲ್ಲಿ ಹಿಡಿಸಲಿಲ್ಲವೆಂದು ‘ಕಳ್ಳನ ಬಂಧನ’ ಎಂದು ಕಿರಿದು ಮಾಡಿದೆ. ಕೆಲವು ದಿನಗಳ ಮೇಲೆ, ಪ್ರಕರಣದಲ್ಲಿ ತನ್ನ ಪಾತ್ರವಿಲ್ಲವೆಂದು ಪೊಲೀಸರೇ ಬಿಟ್ಟು ಕಳುಹಿಸಿದ್ದ ಆ ಯುವಕ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಕಚೇರಿಗೆ ಬಂದು, ಆ ತಲೆಬರಹದ ಮೇಲೆ ಬೆರಳಿಟ್ಟು ಸುಮ್ಮನೆ ನಿಂತುಕೊಂಡ. ತಿದ್ದುಪಡಿ ಪ್ರಕಟಿಸಿದೆವು, ಒಳಪುಟದ ಕೆಳಗೆ, ಮೂರು ಸಾಲು. ಅದು ಸಾಕಾಯಿತೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಪ್ರಶ್ನೆ: ಸಭೆ ಸಮಾರಂಭಗಳ ವರದಿಯಲ್ಲಿ ಕಾಲು ಭಾಗ ಹೆಸರುಗಳೇ ಇರುತ್ತವೆ. ಕೊನೆಗೆ ‘ಇದ್ದರು’ ಎಂದು ಮುಗಿಯುತ್ತದೆ. ಇದು ಸುದ್ದಿಯೇ?

ಉತ್ತರ: ಆ ಹೆಸರಿನವರಿಗೆ ಸುದ್ದಿ. ಸಣ್ಣ ಊರಿನ ಪತ್ರಿಕೆಯಲ್ಲಿ ಹತ್ತು ಜನರ ಹೆಸರು ಬರುವುದನ್ನು ನಾನು ತಪ್ಪೆನ್ನಲಾರೆ. ತಮ್ಮ ಹೆಸರು ಅಚ್ಚಿನಲ್ಲಿ ಕಂಡ ಸಂತೋಷವೂ ಪತ್ರಿಕೆಯ ಜೊತೆಗಿನ ಒಂದು ನಂಟೇ. ಆದರೆ ಸಂಘಟಕರು ಕೊಟ್ಟ ಪ್ರಕಟಣೆಯನ್ನೇ ಮೊದಲಕ್ಷರದಿಂದ ಕೊನೆಯವರೆಗೆ ಹಾಕಿ, ಕೆರೆ ಹೂಳೆತ್ತಲು ಎಷ್ಟು ಹಣ ಮಂಜೂರಾಯಿತೆಂದು ಶಾಸಕರು ವೇದಿಕೆಯಲ್ಲೇ ಹೇಳಿದ ಮಾತನ್ನು ಬಿಟ್ಟರೆ, ಅಲ್ಲಿ ವರದಿಗಾರ ಇದ್ದೂ ಇರಲಿಲ್ಲ.

ಪ್ರಶ್ನೆ: ಬಾಲಕಿಯೊಬ್ಬಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಹೆಸರು ಹಾಕಿರಲಿಲ್ಲ. ಆದರೆ ಊರು, ಓದುವ ಶಾಲೆ, ತಂದೆಯ ಉದ್ಯೋಗ ಎಲ್ಲವೂ ಇತ್ತು. ಹೆಸರು ಬಾರದಿದ್ದರೆ ಸಾಕಲ್ಲವೇ ಎನ್ನುತ್ತಾರೆ.

ಉತ್ತರ: ಸಾಲದು. ಇದು ಒಳ್ಳೆಯ ಬರವಣಿಗೆ, ಕೆಟ್ಟ ಬರವಣಿಗೆಯ ಮಾತಲ್ಲ, ಅಪರಾಧದ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಭಾವಚಿತ್ರದ ಜೊತೆಗೆ ಕುಟುಂಬದ ವಿವರ, ಶಾಲೆ, ನೆರೆಹೊರೆ ಮತ್ತು ಗುರುತು ಹಿಡಿಯಲು ದಾರಿಯಾಗುವ ಬೇರೆ ಯಾವುದೇ ವಿವರವನ್ನು ಮಾಧ್ಯಮಗಳು ಬಹಿರಂಗಪಡಿಸದಂತೆ ತಡೆಯುತ್ತದೆ. ಮಗುವಿನ ಹಿತಕ್ಕೆ ಅಗತ್ಯವೆಂದು ವಿಶೇಷ ನ್ಯಾಯಾಲಯ ಕಾರಣ ಬರೆದು ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ. ಉಲ್ಲಂಘಿಸಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಇವೆ; ಪ್ರಕಾಶಕರೂ ಮಾಲೀಕರೂ ಹೊಣೆಗಾರರಾಗುತ್ತಾರೆ. ವಯಸ್ಕ ಸಂತ್ರಸ್ತೆಯರ ವಿಷಯದಲ್ಲೂ ಇಂಥ ನಿಷೇಧವಿದೆ. ಹಿಂದೆ ಅದು ಭಾರತೀಯ ದಂಡ ಸಂಹಿತೆಯ 228ಎ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಹೆಸರಿಲ್ಲದೆಯೂ ಪರೋಕ್ಷವಾಗಿ ಗುರುತು ಸಿಗುವಂಥ ಸಂಗತಿಯನ್ನು ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನೂರು ಮನೆಯ ಊರಿನಲ್ಲಿ ತಂದೆಯ ಉದ್ಯೋಗ ಹೇಳಿದ ಮೇಲೆ ಹೆಸರು ಬಚ್ಚಿಟ್ಟು ಪ್ರಯೋಜನವೇನು? ಮರುದಿನ ಆ ಮಗು ಅದೇ ಬೀದಿಯಲ್ಲಿ ನಡೆದು ಅದೇ ಶಾಲೆಗೆ ಹೋಗಬೇಕು. ನಿಮ್ಮ ಪತ್ರದಲ್ಲಿದ್ದ ಊರಿನ ಹೆಸರನ್ನು ನಾನು ಇಲ್ಲಿ ತೆಗೆದಿರುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಸಂಪಾದಕರಿಗೆ ಮೂರು ಪತ್ರ ಬರೆದೆ. ಉತ್ತರವಿಲ್ಲ. ಮುಂದೇನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಪತ್ರಗಳನ್ನೇ ಮತ್ತೊಮ್ಮೆ ಓದಿ. ‘ನಿಮ್ಮ ಪತ್ರಿಕೆಯ ಗುಣಮಟ್ಟ ಕುಸಿದಿದೆ’ ಎಂದು ಬರೆದರೆ ಸಂಪಾದಕರು ಮಾಡಬಹುದಾದ್ದು ಏನೂ ಇಲ್ಲ. ಯಾವ ದಿನಾಂಕದ ಸಂಚಿಕೆ, ಯಾವ ಪುಟ, ಯಾವ ವಾಕ್ಯ, ನಿಜ ಸಂಗತಿ ಏನು, ಅದಕ್ಕೆ ಆಧಾರವೇನು ಎಂಬುದು ಒಂದೇ ಹಾಳೆಯಲ್ಲಿರಲಿ. ಒಂದು ಪತ್ರದಲ್ಲಿ ಒಂದೇ ತಪ್ಪನ್ನು ಎತ್ತಿ. ಅದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ಪ್ರತಿ ಇಟ್ಟುಕೊಳ್ಳಿ.

ಅದಕ್ಕೂ ಉತ್ತರ ಬಾರದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. 1966ರಲ್ಲಿ ಮೊದಲು ರಚನೆಯಾಗಿ, ಈಗ 1978ರ ಕಾಯ್ದೆಯಡಿ ಕೆಲಸ ಮಾಡುವ ಈ ಮಂಡಳಿಗೆ ದಿನಪತ್ರಿಕೆ ಅಥವಾ ವಾರಪತ್ರಿಕೆಯ ಮೇಲಿನ ದೂರು, ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ತಲುಪಬೇಕು. ಸುದ್ದಿಯ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಬೇಕು. ಅದೇ ವಿಷಯ ನ್ಯಾಯಾಲಯದಲ್ಲಿಲ್ಲ ಎಂದು ಘೋಷಿಸಬೇಕು. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ವಿಧಿಸಲಾರದು. ನಿಮ್ಮ ಮೂರು ಪತ್ರಗಳಲ್ಲಿ ಮೂರನೆಯದಕ್ಕೆ ಮಾತ್ರ ಇನ್ನೂ ಗಡುವು ಉಳಿದಿರುವಂತೆ ಕಾಣುತ್ತದೆ. ಅನುವಾದಕ್ಕೆ ಒಂದು ವಾರ ಬೇಕಾಗಬಹುದು, ಈಗಲೇ ಆರಂಭಿಸಿ.